ಮಳೆಯಲ್ಲಿ ಪಾದಕ್ಕೆ ನೀರು

ಹರ್ತಿಯ ಅತ್ತೆಯವರಿಗೆ ಮುಂಬೈಯಿಂದ ಸೊಸೆ ಶೈಲಾಳ ಶರಣು.

ಇಪ್ಪತ್ತೊಂದು ಕಿಲೋಮೀಟರ್ ಓಟ ಮುಗಿಸಿದೆ. ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ರಸ್ತೆ ತುಂಬ ಜನ. ಮುಂದಿನವರ ಬೆನ್ನು ಬಿಟ್ಟರೆ ಊರೇ ಕಾಣಲಿಲ್ಲ. ಅರ್ಧ ದಾರಿಯಲ್ಲಿ ನೀರು, ಬಾಳೆಹಣ್ಣು ಕೊಡುತ್ತಿದ್ದರು. ನಿಮ್ಮ ಜೊತೆ ಶ್ರೀಶೈಲಕ್ಕೆ ನಡೆದ ರೂಢಿ ನೋಡಿ, ದಾರಿಯಲ್ಲಿ ಕೊಟ್ಟದ್ದನ್ನು ಕೆರ ಮೆಟ್ಟಿಕೊಂಡು ತೆಗೆದುಕೊಳ್ಳಬಾರದೆಂದು ಅಲ್ಲೇ ನಿಂತು ಬೂಟು ಬಿಚ್ಚಿಬಿಟ್ಟೆ! ಹಿಂದಿನವರು ನನ್ನ ಮೇಲೆ ಮುಗ್ಗರಿಸಿ ಬೈದರು. ನೀರು ಕೊಡುತ್ತಿದ್ದ ಅಜ್ಜಿ ಮಾತ್ರ ನಕ್ಕು, "ಬೂಟ ಕಳದಾಕಿ ನಮ್ಮ ಕಡಿಯಾಕಿನ ಇರಬೇಕು. ಯಾವೂರವಾ?" ಎಂದರು. ಅವರ ತವರು ಮುಂಡರಗಿಯಂತೆ. ಅಂಥ ಮಳೆಯಲ್ಲೂ ಬಾಗಿ, ಪಾದಯಾತ್ರೆಯವರಿಗೆ ಹಾಕುವ ಹಾಗೆ, ನನ್ನ ಪಾದಕ್ಕೆ ಬಾಟಲಿಯ ನೀರು ಹಾಕಿದರು. "ಮೊದಲ ತೊಯ್ದಾವಲ್ರಿ" ಎಂದೆ. "ಮಳಿ ನೀರು ಮಳೀದು. ದಾರಿ ಹಿಡದಾಕಿಗೆ ನಾ ಹಾಕೋದು ನಾನ ಹಾಕಬೇಕು" ಎಂದರು.

ಅಷ್ಟು ನೆನೆದರೂ ನನಗೆ ಒಂದು ಸೀನೂ ಬಂದಿಲ್ಲ. ನೀವು ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕಿಸಿಕೊಳ್ಳಿ. ಈ ವರ್ಷ ಪಾದಯಾತ್ರೆ ತಪ್ಪಿತೆಂದು ಮತ್ತೆ ಅಳಬೇಡಿ.

ಕಾಗದದಲ್ಲಿ ಜಾಗ ಮುಗಿಯಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ. ಹೊರಡುವಾಗ ಅಜ್ಜಿ, "ಯಾರ ಹೆಸರಲೇ ಹೊಂಟೀಯವಾ?" ಎಂದು ಕೇಳಿದರು. ಬೈಯಬೇಡಿ, ಸೊಸೆಯಾಗಿ ಹದಿನೆಂಟು ವರ್ಷ ಬಾಯಿಗೆ ತಾರದ ನಿಮ್ಮ ಹೆಸರನ್ನು ನಡುರಸ್ತೆಯಲ್ಲಿ ಹೇಳಿಬಿಟ್ಟೆ: ಅನ್ನಪೂರ್ಣವ್ವ.