ಡಬ್ಬಕ್ಕೆ ತುಂಬಿಸಿದ ಬಿರುಗಾಳಿ

ಕಾಪು ಪಡು,
೨೧-೧೦-೧೯೮೪

ಪ್ರೀತಿಯ ಮಗಳು ರತ್ನಾವತಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದಿ? ತಮಿಳುನಾಡಿನ ಆ ಬಿಸಿಲಿನಲ್ಲಿ ಕಲ್ಲು ಒಡೆಯುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಮಗಳು ಎಂತ ಓದುವುದು ಎಂದು ಕಟಪಾಡಿಯಲ್ಲಿ ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು, ಆ ಕಡಲಿನಲ್ಲಿ ಎದ್ದ ಬಿರುಗಾಳಿಯ ಗುರುತು ಈಗಲೂ ಕಲ್ಲಿನಲ್ಲಿ ಉಂಟು ಎಂದರೆ ಜನ ನನ್ನ ಮುಖ ನೋಡುತ್ತಾರೆ. ನನಗೇ ಅರ್ಥವಾಗದ್ದನ್ನು ಅವರಿಗೆ ಹೇಗೆ ಹೇಳಲಿ? ಅಮ್ಮನ ಗಂಟುನೋವು ಹಾಗೆಯೇ ಉಂಟು.

ಗಾಳಿ ಬಂದು ಹೋದ ಮೇಲೆ ಕಡಲಕರೆಯಲ್ಲಿ ಗುಂಡಿ ತೋಡಿ, ಮರಳನ್ನು ಪದರ ಪದರವಾಗಿ ಡಬ್ಬದಲ್ಲಿ ಕಳುಹಿಸಿ, ನಾನು ಅದನ್ನು ಹಳೆಯ ಕಲ್ಲಿನೊಂದಿಗೆ ಹೋಲಿಸಬೇಕು ಎಂದು ಬರೆದಿದ್ದೆಯಲ್ಲ. ಮೊನ್ನೆ ಗಾಳಿ ಬಂತು ಮಗಳೇ. ಬೋಟಿನಲ್ಲಿ ಹೋದ ನಿನ್ನ ಅಣ್ಣ ಸರ್ವೋತ್ತಮ ಇನ್ನೂ ಬಂದಿಲ್ಲ. ಮಲ್ಪೆಯ ಉಳಿದ ಬೋಟುಗಳೆಲ್ಲ ಬಂದಿವೆ. ನನಗೆ ಹೆದರಿಕೆಯಾಗಿದೆ. ಟೆಲಿಗ್ರಾಂ ಕೊಡಿ ಎಂದು ಅಮ್ಮ ಹೇಳಿದಳು. ಅದನ್ನು ಒಡೆಯುವ ಮೊದಲೇ ನೀನು ಅಳುತ್ತಿ ಎಂದು ನಾನೇ ಬೇಡವೆಂದೆ.

ಎಲ್ಲರೂ ಕಡಲು ನೋಡುತ್ತಾ ನಿಂತಿದ್ದರು. ನನಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಹಾರೆ ತಂದು ಗುಂಡಿ ತೋಡಿದೆ. "ಮುದ್ದಣ್ಣನಿಗೆ ಎಂತ ಆಯ್ತು ಮಾರಾಯ" ಎಂದು ಯಾರೋ ಅಂದರು. ನಿನ್ನ ಅತ್ತಿಗೆ ಚಂಪಾ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಅಳುವುದೂ ಇಲ್ಲ. ಗಂಡ ಕಡಲಿನಲ್ಲಿರುವಾಗ ಮಾವ ಆ ಗಾಳಿಯ ಮರಳು ಹೆಕ್ಕುವುದನ್ನು ಯಾವ ಹೆಣ್ಣು ಸಹಿಸುತ್ತಾಳೆ ಹೇಳು.

ನೀನು ಬರೆದದ್ದು ಸರಿ. ಅಡಿಯಲ್ಲಿ ಒಡೆದ ಚಿಪ್ಪುಗಳಿದ್ದವು, ಮೇಲೆ ಬಂದಂತೆ ಮರಳು ನಯವಾಗುತ್ತಿತ್ತು. ಗಾಳಿ ಜೋರಿದ್ದಾಗ ಭಾರದ್ದು ಕೂರುತ್ತದೆ, ಇಳಿದ ಮೇಲೆ ಹಗುರದ್ದು. ಅಷ್ಟು ತಿಳಿಯಿತು. ಆದರೆ ನಾನು ಭರಣಿಯಲ್ಲಿ ಮೀನಿಗೆ ಉಪ್ಪು ಹಾಕಿ ಅಭ್ಯಾಸವಾದವನು. ಕೈಗೆ ಮೊದಲು ಸಿಕ್ಕಿದ್ದನ್ನು ಡಬ್ಬದ ಅಡಿಗೆ ಹಾಕುತ್ತಾ ಹೋದೆ. ತುಂಬಿದ ಮೇಲೆ ನೋಡಿದರೆ ನಯ ಮರಳು ಕೆಳಗೆ, ಚಿಪ್ಪು ಮೇಲೆ. ನಿನ್ನ ಗಾಳಿ ತಲೆಕೆಳಗಾಗಿ ಕೂತಿದೆ! ಡಬ್ಬ ಮಗುಚಿದರೆ ಸರಿಹೋಗುತ್ತದಾ, ಇಲ್ಲ ಎಲ್ಲ ಕಲಸಿಹೋಗುತ್ತದಾ? ಕಳುಹಿಸುವುದೋ, ಕಡಲಿಗೇ ಚೆಲ್ಲುವುದೋ? ಚಂಪಾಳ ಎದುರಿನಿಂದ ಅದನ್ನು ಅಂಚೆಗೆ ಒಯ್ಯುವುದಾದರೂ ಹೇಗೆ? ನನಗೆ ಒಂದೂ ತಿಳಿಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಣ್ಣನಿಗಾಗಿ ದೇವರಲ್ಲಿ ಕೇಳಿಕೋ. ಅಮ್ಮನೂ ನಿನ್ನನ್ನು ಹರಸಿದ್ದಾಳೆ.

ನಿನ್ನ ಅಪ್ಪ,
ಮುದ್ದಣ್ಣ

ವಿ.ಸೂ.: ಕಾಗದ ಅಂಟಿಸುವಷ್ಟರಲ್ಲಿ ಸರ್ವೋತ್ತಮ ಬಂದ! ಇಂಜಿನ್ ಕೆಟ್ಟು ತೇಲಿ ತೇಲಿ ಗಂಗೊಳ್ಳಿಯ ಹತ್ತಿರ ದಡ ಸೇರಿದರಂತೆ. ಬೋಟಿನವರೆಲ್ಲ ಕ್ಷೇಮ. ಗಂಜಿ ಉಂಡು ಮಲಗಿದ್ದಾನೆ. ಆಮೇಲೆ ಚಂಪಾ ಬಂದು ನನ್ನ ಹತ್ತಿರ ಕೂತಳು. "ಮಾವ, ಆ ಹಳೇ ಗಾಳಿಯಲ್ಲಿ ಹೋದವರು ತಿರುಗಿ ಬಂದ್ರಾ ಅಂತ ರತ್ನಾವತಿಯ ಕಲ್ಲಿನಲ್ಲಿ ಗೊತ್ತಾಗ್ತದಾ?" ಎಂದು ಕೇಳಿದಳು. ಆಗ ಮನುಷ್ಯರೇ ಇರಲಿಲ್ಲವಂತೆ ಎಂದೆ. "ಹಾಗಾದ್ರೆ ಕಡಲಕರೆಯಲ್ಲಿ ನಿಂತು ಕಾಯುವವರೂ ಇರಲಿಲ್ಲ, ಅಲ್ವಾ" ಎಂದವಳು ಒಮ್ಮೆಲೇ ಅಳಲು ಶುರು ಮಾಡಿದಳು. ನಾನೂ ಅತ್ತುಬಿಟ್ಟೆ.