ಸೊಸೆ ಆರಿಸಿದ ಇಂಜಿನ್

ಕೊಟ್ಟೂರು,
೧೧ ಅಕ್ಟೋಬರ್ ೧೯೯೮, ಭಾನುವಾರ

ಮಗಳಂಥ ಸೊಸೆ ಸುಮಲತಾಳಿಗೆ ಮಾವ ಉಜ್ಜಿನಪ್ಪನ ಮನಸಾರೆ ಆಶೀರ್ವಾದ.

ಹೇಗಿದ್ದೀಯವ್ವ? ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಬೇಕು ಎಂದು ಹೋದ ಸಲ ನೀನು ಬರೆದಿದ್ದೆ. ನಿಮ್ಮತ್ತೆ ಅದೊಂದು ಮಾತನ್ನೇ ಹಿಡಿದುಕೊಂಡು ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿಸಿಟ್ಟಿದ್ದಾಳೆ. ಬಳ್ಳಾರಿ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ನಿನ್ನ ನರ್ಸ್ ತರಬೇತಿಯ ಮೊದಲ ವರ್ಷದ ಪರೀಕ್ಷೆ ಶುಕ್ರವಾರಕ್ಕೆ ಮುಗಿಯಿತೆಂದು ಪ್ರವೀಣ ಹೇಳಿದ. ಅದು ಮುಗಿಯಲಿ ಎಂದೇ ಈ ಸುದ್ದಿಯನ್ನು ತಡೆಹಿಡಿದಿದ್ದೆವು. ಗಂಡ ಮುಚ್ಚಿಟ್ಟನೆಂದು ಅವನ ಮೇಲೆ ಸಿಟ್ಟಾಗಬೇಡ, ಆಣೆ ಹಾಕಿಸಿಕೊಂಡವನು ನಾನು. ಎರಡು ವಾರದ ಹಿಂದೆ ನನಗೆ ಹಾವು ಕಚ್ಚಿತ್ತು. ಗಾಬರಿಯಾಗಬೇಡ. ಈಗ ಪಡಸಾಲೆಯಲ್ಲಿ ಕೂತು, ರೊಟ್ಟಿ ತಿಂದು, ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಹೀಗೆ ಬರೆಯುವಂತಾಗಿದ್ದು ನಿನ್ನಿಂದ, ಅದನ್ನು ಹೇಳದೆ ಇದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಜೀಪ್ ಪಿಕಪ್ಪಿನ ಇಂಜಿನ್ ಕೈಕೊಟ್ಟಿದ್ದು ನಿನಗೆ ನೆನಪಿರಬೇಕು. ನೀನು ಮದುವೆಯಾಗಿ ಬಂದು ಆಗ ನಾಲ್ಕೇ ತಿಂಗಳು. ಬೋರ್‌ವೆಲ್ ಮೋಟರು ಎತ್ತಿ ರಿಪೇರಿ ಮಾಡುವ ನಮಗೆ ರಸ್ತೆ ಎಂಬುದು ಊರ ಅಗಸಿ ಬಾಗಿಲವರೆಗೆ ಮಾತ್ರ. ಅಲ್ಲಿಂದಾಚೆಗೆ ಕಬ್ಬಿಣದ ಪೈಪು, ಚೈನು, ಕಪ್ಪಿ ಹೇರಿಕೊಂಡು ಬದು ಹತ್ತಬೇಕು, ಹಳ್ಳ ಇಳಿಯಬೇಕು. ಅಂಥ ಗಾಡಿಗೆ ಯಾವ ಇಂಜಿನ್ ಹಾಕಬೇಕೆಂದು ಅಂಗಳದಲ್ಲಿ ಎಂಟು ದಿನ ಪಂಚಾಯಿತಿ ನಡೆಯಿತು. ಮೆಕ್ಯಾನಿಕ್ ದಾವಲ್ ಸಾಬ್ ಹಗುರಾದ ಕಾರಿನ ಪೆಟ್ರೋಲ್ ಇಂಜಿನ್ ಹಾಕೋಣ ಎಂದ. ಮುಟ್ಟಿದರೆ ಜಿಗಿಯುತ್ತದೆ ಎಂಬುದು ಅವನ ವಾದ. ನನಗೋ ಲಾರಿಯ ಆರು ಸಿಲಿಂಡರಿನ ಡೀಸೆಲ್ ಇಂಜಿನ್ನೇ ಬೇಕು. ನೂರು ಕುದುರೆಯ ಶಕ್ತಿ! ಸುತ್ತಲ ಊರುಗಳಲ್ಲಿ ಅಂಥ ಪಿಕಪ್ಪು ಯಾರಲ್ಲೂ ಇರಬಾರದು ಎಂಬ ಹಮ್ಮು. ಪ್ರವೀಣ ಅಪ್ಪನ ಕಡೆಗೂ ಇಲ್ಲ, ದಾವಲ್ ಸಾಬನ ಕಡೆಗೂ ಇಲ್ಲ, ಸುಮ್ಮನೆ ಚಹಾ ಕುಡಿಯುತ್ತಿದ್ದ.

ಚಹಾದ ಲೋಟ ತೆಗೆದುಕೊಂಡು ಹೋಗಲು ಬಂದ ನೀನು ಅಲ್ಲೇ ನಿಂತೆ. "ಮಾವಾರ, ಕುದುರಿ ಎಷ್ಟು ಅಂತ ಎಣಸಬ್ಯಾಡ್ರಿ. ಕೆಸರಾಗ ಎಳಿಯೋದು ಎತ್ತು. ನಿಧಾನಕ ಹೋಗುವಾಗ ಯಾವುದು ಎಳಿತೈತಿ ಅದನ್ನ ನೋಡ್ರಿ" ಎಂದೆ. ಲಾರಿ ಇಂಜಿನ್ ಹಾಕಿದರೆ ಗಾಡಿಯ ಮೂತಿ ಭಾರವಾಗಿ ಉಸುಕಿನಲ್ಲಿ ಹೂತುಕೊಳ್ಳುತ್ತದೆ, ಪೆಟ್ರೋಲಿನದು ಹಳ್ಳದ ನೀರು ತಾಗಿದರೆ ಕಿಡಿ ಹುಟ್ಟದೆ ನಿಲ್ಲುತ್ತದೆ, ಹಳೆ ಟೆಂಪೋದ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ಸಾಕು ಎಂದೆ. ನೀರು ಒಳಗೆ ಹೋಗದಂತೆ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಮೇಲೆ ಟಾಪಿನವರೆಗೆ ಒಯ್ಯಬೇಕು, ಅದಕ್ಕೆ ನಮ್ಮ ಗೋದಾಮಿನ ಪೈಪಿನ ತುಂಡೇ ಆಗುತ್ತದೆ ಎಂದೂ ಹೇಳಿದೆ. ಹರಪನಹಳ್ಳಿಯಲ್ಲಿ ನಿಮ್ಮಪ್ಪನ ಲಾರಿ ಗ್ಯಾರೇಜಿನಲ್ಲಿ ಬೆಳೆದವಳು ನೀನು, ಎಲ್ಲ ಕಣ್ಣಾರೆ ನೋಡಿದ್ದೆ. ದಾವಲ್ ಸಾಬ್ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ, "ಯಜಮಾನ್ರ, ಅಮ್ಮಾರು ಹೇಳೋದು ಖರೆ ಐತ್ರಿ" ಎಂದುಬಿಟ್ಟ. ಪ್ರವೀಣನೂ ತಲೆಯಾಡಿಸಿದ. ಮೂವರು ಒಂದಾದ ಮೇಲೆ ನಾನೇನು ಮಾಡಲಿ? ಹಾಕ್ರಿ ಎಂದೆ. ಆದರೆ ಅಷ್ಟಕ್ಕೇ ಬಿಡದೆ, "ಹಳ್ಳದಾಗ ಸಿಕ್ಕೊಂಡ್ರ ನಿಮ್ಮಪ್ಪನ ಕರಸ್ತೀನಿ, ಬಂದು ನೂಕ್ಲಿ" ಎಂದೂ ಅಂದೆ. ದಾವಲ್ ಸಾಬನ ಎದುರಿಗೆ ಅಂದೆ. ನೀನು ಲೋಟ ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಒಂದೂವರೆ ವರ್ಷ ಗಾಡಿ ಎಲ್ಲೂ ನಿಲ್ಲಲಿಲ್ಲ, ಆದರೂ ಚೆನ್ನಾಗಿದೆ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಈಗ ಹಾವಿನ ಸಂಗತಿ ಕೇಳು. ಉಜ್ಜಿನಿಯ ಆಚೆ ಪಕ್ಕೀರಮ್ಮನ ಹೊಲದಲ್ಲಿ ಮೋಟರು ಎತ್ತಲು ಹೋಗಿದ್ದೆವು. ಪ್ರವೀಣ, ದಾವಲ್ ಸಾಬ್, ನಾನು. ಮಧ್ಯಾಹ್ನ ದೊಡ್ಡ ಮಳೆ ಹೊಡೆದು ನಿಂತಿತ್ತು. ಪೈಪಿನ ಹಿಂದಿದ್ದ ಚೈನು ತೆಗೆಯಲು ಕಾಲಿಟ್ಟೆ ನೋಡು, ಎಡಗಾಲ ಹಿಮ್ಮಡಿಯ ಹತ್ತಿರ ಕೆಂಡ ಇಟ್ಟಂತಾಯಿತು. ಕೊಳಕುಮಂಡಲ. ದಾವಲ್ ಸಾಬ್ ಪೈಪು ಮೋಟರು ಎಲ್ಲ ಅಲ್ಲೇ ಬಿಟ್ಟು, ನನ್ನನ್ನು ಪಿಕಪ್ಪಿನ ಹಿಂದೆ ಗೋಣಿಚೀಲದ ಮೇಲೆ ಮಲಗಿಸಿ, ಕಾಲು ಅಲುಗದಂತೆ ತನ್ನ ತೊಡೆಯ ಮೇಲೆ ಹಿಡಿದು ಕೂತ. ಬರುವಾಗ ಪಾದ ನೆನೆಯುವಷ್ಟು ನೀರಿದ್ದ ಹಳ್ಳ ಆಗ ಸೊಂಟದ ಮಟ್ಟಕ್ಕೆ ಕೆಂಪಗೆ ಹರಿಯುತ್ತಿತ್ತು. ಸುತ್ತಿ ಹೋಗುವ ದಾರಿ ಎರಡು ತಾಸಿನದು. ಪ್ರವೀಣ ಒಂದು ಗಳಿಗೆ ಇಳಿದು ನೋಡಿದ. "ಅಪ್ಪಾ, ಇಳಸ್ತೀನಿ" ಎಂದ. ನಾನು ಹೂಂ ಎಂದೆ.

ನಾನು ಮಲಗಿದ್ದಲ್ಲಿಂದ ಮೋಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನೀರು ಹಲಗೆಯ ಸಂದಿನಿಂದ ಬಂದು ಬೆನ್ನು ತೋಯಿಸಿತು. ಪ್ರವೀಣ ಸಣ್ಣ ಗೇರಿಗೆ ಹಾಕಿ ಆಕ್ಸಿಲರೇಟರನ್ನು ತುಳಿದೂ ತುಳಿಯದಂತೆ ಬಿಟ್ಟಿದ್ದ. ಇಂಜಿನ್ನಿನ ದನಿ ಏರಲಿಲ್ಲ, ಇಳಿಯಲಿಲ್ಲ. ನನ್ನ ಬೆನ್ನಿಗೆ ಅದರ ಎಳೆತ ತಿಳಿಯುತ್ತಿತ್ತು, ಕಬ್ಬಿಣದ ನೇಗಿಲು ಹೂಡಿದ ಜೋಡೆತ್ತು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಂತೆ. ಆಚೆ ದಡದಲ್ಲಿ ಎರಡು ಸಲ ಗಾಲಿ ಜಾರಿತು. ದಾವಲ್ ಸಾಬ್ "ಯಾ ಅಲ್ಲಾ" ಎಂದ, ನಾನು ಕೊಟ್ಟೂರೇಶನನ್ನು ಕರೆದೆ. ಮೂರನೆಯ ಸಲಕ್ಕೆ ಮೂತಿ ಎತ್ತಿತು, ಮೇಲಕ್ಕೆ ಬಂತು. ಆ ಸಂಕಟದಲ್ಲಿಯೂ ನನಗೆ ನೆನಪಾದದ್ದು ಲೋಟ ಹಿಡಿದು ನಿಂತಿದ್ದ ನೀನು. ಆಸ್ಪತ್ರೆಯಲ್ಲಿ ಡಾಕ್ಟರು ಇಂಜೆಕ್ಷನ್ ಏರಿಸುತ್ತ, "ಚಲೋ ಟೈಮಿಗೆ ತಂದ್ರಿ" ಎಂದರಂತೆ. ಆರು ದಿನ ಅಲ್ಲಿದ್ದೆ. ಕಾಲಿನ ಬಾವು ಇಳಿದಿದೆ, ಕೋಲು ಹಿಡಿದು ಓಡಾಡುತ್ತೇನೆ.

ಮನೆಗೆ ಬಂದ ದಿನ ನಿಮ್ಮತ್ತೆ ಪಿಕಪ್ಪಿನ ಬಾನೆಟ್ಟಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ದಾವಲ್ ಸಾಬ್ ನಕ್ಕು, "ಕೈ ಮುಗಿಯೋದಾದ್ರ ಸೊಸಿಗೆ ಮುಗೀರಿ ನಾಗಲಿಂಗಮ್ಮಾರ, ಈ ಕಬ್ಬಿಣಕ್ಕ ಏನ್ ಗೊತ್ತೈತಿ" ಎಂದ. ಹಿರಿಯನಾದ ನಾನು ಕೈ ಮುಗಿದರೆ ನಿನಗೆ ಒಳ್ಳೆಯದಲ್ಲ ಎನ್ನುತ್ತಾರೆ, ಅದಕ್ಕೆ ಬರೆದು ಹೇಳುತ್ತಿದ್ದೇನೆ. ಅಂದು ಅಂದ ಮಾತು ತಪ್ಪು, ಮನಸ್ಸಿನಿಂದ ತೆಗೆದುಹಾಕವ್ವ. ನಿಮ್ಮಪ್ಪ ಬೊಮ್ಮಪ್ಪನವರಿಗೂ ಕಾಗದ ಬರೆದಿದ್ದೇನೆ, ಮಗಳಿಗೆ ಇಷ್ಟೆಲ್ಲ ನೋಡಲು ಬಿಟ್ಟ ಅವರ ಋಣವೂ ನನ್ನ ಮೇಲಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೀಪಾವಳಿಗೆ ರಜೆ ಸಿಕ್ಕರೆ ಒಂದು ಸಾಲು ಬರೆ, ಪ್ರವೀಣ ಬಳ್ಳಾರಿಗೇ ಬಂದು ಕರೆತರುತ್ತಾನೆ. ಅತ್ತೆಯ ಆಶೀರ್ವಾದ, ದಾವಲ್ ಸಾಬನ ಸಲಾಮು.

ನೂರು ಕಾಲ ಚೆನ್ನಾಗಿರು,
ನಿನ್ನ ಮಾವ
ಉಜ್ಜಿನಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಮುಖ್ಯವಾದದ್ದನ್ನು ಬರೆಯುತ್ತೇನೆ. ತಂಬ್ರಹಳ್ಳಿಯ ದೊಡ್ಡಬೀರಪ್ಪ ತನ್ನ ಹಳೆಯ ಪಿಕಪ್ಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ್ದಾನೆ. ಯಾವ ಇಂಜಿನ್ ಹಾಕಿಸಲಿ ಯಜಮಾನ್ರ ಎಂದು ನನ್ನನ್ನು ಕೇಳಿದ. ಅದನ್ನ ಹೇಳೋರು ನಾನಲ್ಲ, ನಮ್ಮ ಸೊಸಿ ಎಂದೆ. ಅವನ ಹೊಲ ಪೂರಾ ಎರೆಭೂಮಿ, ಮಳೆಯಾದರೆ ಮೊಣಕಾಲುದ್ದ ಕೆಸರು; ಹತ್ತಿಯ ಅಂಡಿಗೆ ಹೇರುತ್ತಾನೆ, ಹಳ್ಳ ಒಂದೂ ಇಲ್ಲ. ನಿನ್ನ ಉತ್ತರ ಬರುವವರೆಗೂ ದಾವಲ್ ಸಾಬ್ ಒಂದು ಬೋಲ್ಟು ಸಹ ಬಿಚ್ಚುವುದಿಲ್ಲವಂತೆ. ಬೇಗ ಬರೆ.