ಸೊಸೆ ‘ಆಗಲ್ಲ’ ಎಂದ ದಿನ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಸಮುದ್ರದ ಗಾಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಹಡಗಿನ ಅಡುಗೆಮನೆಯಲ್ಲಿ ಎಲ್ಲರಿಗೂ ಬಡಿಸಿ ನೀನು ಮಾತ್ರ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತೀಯೆಂದು ನನಗೆ ಗೊತ್ತು. ಕೂತು ಉಣ್ಣು ಮಾರಾಯ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಮುಂದೆ ಓದುವಾಗ ನಿನ್ನ ಎದೆ ಧಸಕ್ಕೆನ್ನಬಾರದೆಂದು ಮೊದಲೇ ಬರೆಯುತ್ತಿದ್ದೇನೆ: ನಿನ್ನ ಹೆಂಡತಿ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಅವಳಿಗೆ ಗೊರಕೆ ಇದೆಯೆಂದು ನನಗೆ ಈಗಲೇ ಗೊತ್ತಾದದ್ದು. ಇಷ್ಟು ವರ್ಷ ನಾನು ಮಲಗಿದ ಮೇಲೆ ಮಲಗಿ, ನಾನು ಏಳುವ ಮೊದಲೇ ಎದ್ದವಳಲ್ಲವೇ.

ನನ್ನ ಇಂಗ್ಲಿಷ್ ಪಾಠ ಬಿಟ್ಟಿಲ್ಲ. ಕೆಳಗಿನ ಮನೆಯ ರಿಟೈರ್ಡ್ ಮೇಡಂ ಈ ವಾರ ‘ಓವರ್’ ಎಂಬ ಮಾತಿನ ಸಂಸಾರವನ್ನೇ ಹಿಡಿದುಕೊಂಡಿದ್ದರು. ಲಾರಿಗೆ ಹೆಚ್ಚಾದರೆ ಓವರ್‌ಲೋಡ್, ಬಸ್ಸಿಗೆ ಜನ ಹೆಚ್ಚಾದರೆ ಓವರ್‌ಕ್ರೌಡ್, ದಿಂಬಿಗೆ ಹತ್ತಿ ಹೆಚ್ಚಾದರೆ ಓವರ್‌ಸ್ಟಫ್, ಕೊಡಕ್ಕೆ ನೀರು ಹೆಚ್ಚಾದರೆ ಓವರ್‌ಫಿಲ್. ‘ಅಲ್ಲ ಮೇಡಂ, ಒಂದೇ ಓವರ್ ಇಟ್ಕೊಂಡು ಎಷ್ಟು ದಿನ ಸಂಸಾರ ಮಾಡ್ತಾರೆ ಇವರು? ನಾವು ಲಾರಿಗೆ ಹೇರ್ತೀವಿ, ಬಸ್ಸಲ್ಲಿ ಕಿಕ್ಕಿರೀತೀವಿ, ದಿಂಬಿಗೆ ಗಿಡೀತೀವಿ, ಕೊಡ ತುಳುಕಿಸ್ತೀವಿ’ ಎಂದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೊನೆಗೆ, ಮನುಷ್ಯರ ಮೇಲೆ ಹೊರೆ ಹೆಚ್ಚಾದರೆ ಓವರ್‌ಬರ್ಡನ್ ಅನ್ನುತ್ತಾರೆ, ಒಂದು ವಾಕ್ಯ ಮಾಡಿ ಎಂದರು. ನಾನು ‘ಮೈ ಡಾಟರ್ ಇನ್ ಲಾ’ ಎಂದು ಶುರು ಮಾಡಿದವಳು ಮುಂದಕ್ಕೆ ಹೋಗಲಾರದೆ ಕೂತುಬಿಟ್ಟೆ. ಇಂಗ್ಲಿಷ್ ಬಾರದೆ ಅಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಜೊತೆಗಿದ್ದ ಇಬ್ಬರು ಕೆಲಸ ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಮೂವರ ಕೆಲಸ ಒಬ್ಬಳೇ ಎಳೆದು, ದಾರಿಯಲ್ಲಿ ತರಕಾರಿ ತಂದು, ಅಡುಗೆ ಮಾಡಿ, ಮಗಳ ಲೆಕ್ಕ ತಿದ್ದಿ, ನನ್ನ ಮಂಡಿಗೆ ಎಣ್ಣೆ ತಿಕ್ಕಿ, ಆಮೇಲೆ ತನ್ನ ಊಟ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಅದು. ನಾನು ಕೇಳಿದರೆ ‘ಅಯ್ಯೋ, ಇದೇನು ಮಹಾ ಬಿಡಿ ಅತ್ತೆ’ ಅನ್ನುವಳು.

ಗುರುವಾರ ಆಸ್ಪತ್ರೆಯ ವ್ಯಾನ್ ಓಡಿಸುವವನು ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲಿ ನಿಂತು, ‘ಅಜ್ಜಿ, ಏನೂ ಆಗಿಲ್ಲ, ಗಾಬರಿ ಆಗ್ಬೇಡಿ’ ಎಂದ. ಹಾಗಂದರೆ ಗಾಬರಿಯಾಗದವರು ಯಾರು? ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು ಮೆಟ್ಟಿಕೊಂಡು ವ್ಯಾನ್ ಹತ್ತಿದೆ. ದಾರಿಯಲ್ಲಿ ಅವನು ಹೇಳಿದ್ದು ಇಷ್ಟು: ವಾರ್ಡುಗಳಲ್ಲಿ ಹಾಸಲು ಒಂದು ಬೆಡ್‌ಶೀಟೂ ಉಳಿದಿರಲಿಲ್ಲ, ಬೇಗ ಬೇಗ ಎಂದು ದೊಡ್ಡ ಮಷೀನಿಗೆ ಎರಡು ಸಲದ ಬಟ್ಟೆಯನ್ನು ಒಂದೇ ಸಲಕ್ಕೆ ತುರುಕಿದರು. ಅದು ಹಿಂಡುವ ಹೊತ್ತಿಗೆ ದೆವ್ವ ಹಿಡಿದಂತೆ ಕುಣಿದು, ನೆಲದ ಬೋಲ್ಟು ಕಿತ್ತುಕೊಂಡು, ಗೋಡೆಯ ಬಿಸಿನೀರಿನ ಪೈಪನ್ನು ಹರಿದುಹಾಕಿತು. ಸ್ವಿಚ್ ಆರಿಸಲು ಓಡಿದ ನಿನ್ನ ಹೆಂಡತಿ ಜಾರಿ ಬಿದ್ದಳು. ಬಿದ್ದದ್ದೇ ಒಳ್ಳೆಯದಾಯಿತು ಮಗನೇ. ಅವಳು ಓಡುತ್ತಿದ್ದ ಕಡೆಗೇ ಮಷೀನು ನುಗ್ಗಿ ಗೋಡೆಗೆ ಬಡಿಯಿತಂತೆ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ... ಬೇಡ, ಬರೆಯುವುದಿಲ್ಲ.

ನಾನು ಹೋದಾಗ ಅವಳು ಬೆಂಚಿನ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತಿದ್ದಳು. ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದರು. ನನ್ನನ್ನು ಕಂಡವಳೇ ಮೊದಲು ಕೇಳಿದ್ದೇನು ಗೊತ್ತೇ? ‘ಅತ್ತೆ, ಮಗು ಸ್ಕೂಲಿಂದ ಬರೋ ಹೊತ್ತಾಯ್ತು, ಬೀಗದ ಕೈ ಎಲ್ಲಿಟ್ರಿ?’ ಹೋದ ಜೀವ ಬಂದಂತಾಯಿತು. ಮೂಳೆ ಮುರಿದಿಲ್ಲ, ಉಳುಕು ಅಷ್ಟೆ, ಆದರೆ ಚೆನ್ನಾಗಿ ನಿದ್ದೆ ಮಾಡಿ ಎಷ್ಟು ದಿನ ಆಯಿತು ಎಂದು ಡಾಕ್ಟರಮ್ಮ ಕೇಳಿದಾಗ ಇವಳು ಬೆರಳು ಮಡಚಿ ಎಣಿಸತೊಡಗಿದಳು.

ಅವಳ ಸೂಪರ್‌ವೈಸರನ್ನು ಹಿಗ್ಗಾಮುಗ್ಗಾ ಝಾಡಿಸಬೇಕೆಂದು ನಾನು ನಾಲಿಗೆ ಮಸೆದುಕೊಂಡೇ ಹೋಗಿದ್ದೆ. ನೋಡಿದರೆ, ಆ ಮನುಷ್ಯ ಮೊಣಕಾಲವರೆಗೆ ನೆನೆದು, ಕೈಯಲ್ಲಿ ಚಹಾ ಲೋಟ ಹಿಡಿದು ಬಂದ. ಅರ್ಧ ದಾರಿಯಲ್ಲೇ ಚೆಲ್ಲಿಹೋಗಿತ್ತು. ‘ನಿಮ್ಮ ಸೊಸೆ ಬೇಡ ಅಂದ್ರು ಅಮ್ಮ. ನಾನೇ ಹಾಕಿ ಹಾಕಿ ಅಂದೆ. ಮೇಲಿನವರಿಗೂ ಹಾಗೇ ಹೇಳಿದೀನಿ’ ಎಂದ. ಮಸೆದ ನಾಲಿಗೆಯನ್ನು ಹಾಗೇ ಒಳಗಿಟ್ಟುಕೊಂಡೆ. ಆ ಚಹಾ ನಾನೇ ಕುಡಿದೆ, ನನಗೂ ಬೇಕಾಗಿತ್ತು. ಸೋಮವಾರದಿಂದ ಹೊಸಬರಿಬ್ಬರು ಕೆಲಸಕ್ಕೆ ಬರುತ್ತಾರಂತೆ. ಇವಳಿಗೆ ಕೈ ಸರಿಹೋಗುವವರೆಗೆ ಸಂಬಳದ ಸಮೇತ ರಜೆ.

ಮನೆಗೆ ಬಂದವಳು ಎಡಗೈಯಲ್ಲೇ ತರಕಾರಿ ಹೆಚ್ಚಲು ನಿಂತಳು. ನಾನು ಚಾಕು ಕಿತ್ತುಕೊಂಡೆ. ಆಗ ಗೋಡೆಗೆ ಒರಗಿ, ನೆಲದ ಮೇಲೆ ಕುಸಿದು ಕೂತು, ‘ನನ್ನ ಕೈಲಿ ಆಗಲ್ಲ ಅತ್ತೆ’ ಎಂದಳು. ಮದುವೆಯಾಗಿ ಬಂದಂದಿನಿಂದ ಆ ಮಾತು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನೂ ಪಕ್ಕದಲ್ಲಿ ಕೂತೆ. ‘ಇಷ್ಟು ಸಣ್ಣ ಮಾತು ಆಡೋಕೆ ಇಷ್ಟು ದೊಡ್ಡ ಮಷೀನು ಮುರೀಬೇಕಾಯ್ತೇನೇ?’ ಎಂದೆ. ಅಳುತ್ತಿದ್ದವಳಿಗೆ ನಗು ಬಂತು, ನನಗೆ ಅಳು ಬಂತು. ಒಳಗೆ ಬಂದ ನಿನ್ನ ಮಗಳು ನಮ್ಮಿಬ್ಬರನ್ನೂ ನೋಡಿ, ‘ನಿಮಗೇನು ಹುಚ್ಚಾ?’ ಎಂದು ಕೇಳಿ ಬ್ಯಾಗ್ ಎಸೆದು ಹೋದಳು.

ಈಗ ಅಡುಗೆ ನನ್ನದು. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ, ತಿನ್ನುವವರು ಸುಮ್ಮನೆ ತಿನ್ನುತ್ತಾರೆ. ಬಟ್ಟೆ ಮಡಚುವುದು ನಿನ್ನ ಮಗಳ ಪಾಲು. ಅವಳು ಮಡಚಿದ್ದಕ್ಕೂ ಮುದುರಿದ್ದಕ್ಕೂ ವ್ಯತ್ಯಾಸವಿಲ್ಲ. ನನ್ನ ಮಂಡಿ ನನ್ನದೇ, ಎಣ್ಣೆ ನಾನೇ ತಿಕ್ಕಿಕೊಳ್ಳುತ್ತೇನೆ. ಮನೆ ಹಗುರಾಗಿದೆ ಕಣೋ.

ಮೈ ಕೈ ಜೋಪಾನ. ನೀನಿರುವ ನೀರೆಲ್ಲ ತಣ್ಣಗಿರಲಿ, ನಿನ್ನ ಹಡಗಿನವರೆಲ್ಲ ಸುಖವಾಗಿರಲಿ.

ಇಂತಿ ಹರಸುವ,
ನಿನ್ನ ಅಮ್ಮ

ಮರೆತಿದ್ದೆ: ಇನ್ನೊಂದು ವರ್ಷ ಹಡಗಿನಲ್ಲೇ ಇರಲು ಸಹಿ ಹಾಕಲೇ ಎಂದು ಅವಳನ್ನು ಕೇಳಿದ್ದೀಯಂತೆ, ಅವಳು ‘ನಿಮ್ಮಿಷ್ಟ’ ಎಂದು ಬರೆದಿದ್ದಾಳಂತೆ. ಅದು ಅವಳ ಇಷ್ಟವಲ್ಲ. ಅವಳು ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಸಹಿ ಹಾಕಬೇಡ. ಮನೆಗೆ ಬಾ.